ಮನಸ್ಸಿನ ಕಾಯಿಲೆ, ಮರೆತುಹೋದ ದೇಹ

ಈಜಿಪ್ಟಿನ ಆಡಳಿತಗಾರ ಅಹ್ಮದ್ ಇಬ್ನ್ ತುಲೂನ್ 870ರ ದಶಕದಲ್ಲಿ ಒಂದು ದೊಡ್ಡ ಆಸ್ಪತ್ರೆ ಕಟ್ಟಿಸಿದ. ಪ್ರತಿ ಶುಕ್ರವಾರ ಸ್ವತಃ ಅಲ್ಲಿಗೆ ಹೋಗಿ ರೋಗಿಗಳನ್ನು ವಿಚಾರಿಸುತ್ತಿದ್ದ. ಒಂದು ದಿನ ಮನೋರೋಗಿಯೊಬ್ಬ ಅವನಲ್ಲಿ ದಾಳಿಂಬೆ ಹಣ್ಣು ಬೇಡಿದ. ಹಣ್ಣು ಕೈಗೆ ಬಂದದ್ದೇ ತಡ, ಅದನ್ನು ದೊರೆಯ ಮೇಲೆಯೇ ಎಸೆದ. ಬಟ್ಟೆಯೆಲ್ಲ ಕೆಂಪಾಯಿತು. ಅಂದಿನಿಂದ ದೊರೆ ಅತ್ತ ಸುಳಿಯಲಿಲ್ಲ ಎಂದು ಇತಿಹಾಸಕಾರ ಮಕ್ರೀಝಿ ದಾಖಲಿಸಿದ್ದಾರೆ.

ದೊರೆ ಬರುವುದು ನಿಂತರೂ ಆಸ್ಪತ್ರೆಯ ಕೆಲಸ ನಿಲ್ಲಲಿಲ್ಲ. ದಾಖಲಾದ ರೋಗಿಯ ಬಟ್ಟೆ ಮತ್ತು ಹಣವನ್ನು ಜೋಪಾನವಾಗಿ ತೆಗೆದಿರಿಸಿ, ಬೇರೆ ಬಟ್ಟೆ, ಊಟ, ಔಷಧಗಳನ್ನು ಉಚಿತವಾಗಿ ಕೊಡುವುದು ಅಲ್ಲಿನ ನಿಯಮ. ಕೋಳಿ ಮತ್ತು ರೊಟ್ಟಿ ತಿನ್ನುವಷ್ಟು ಶಕ್ತಿ ಬಂದರೆ ರೋಗಿ ಗುಣವಾದನೆಂದು ಲೆಕ್ಕ. ಜ್ವರ ಬಂದವನಿಗೂ ಬುದ್ಧಿ ಕದಡಿದವನಿಗೂ ಒಂದೇ ಆಸ್ಪತ್ರೆ. ಬೀಮಾರಿಸ್ತಾನಗಳ ಹೆಚ್ಚುಗಾರಿಕೆ ಇರುವುದು ಇದರಲ್ಲಿ. ಹಾಗೆಂದು ಅಲ್ಲಿ ಎಲ್ಲವೂ ಸರಿಯಿತ್ತೆಂದು ನಾವು ಬೀಗಬೇಕಾಗಿಲ್ಲ. 1184ರಲ್ಲಿ ಡಮಾಸ್ಕಸ್‌ಗೆ ಬಂದ ಯಾತ್ರಿಕ ಇಬ್ನ್ ಜುಬೈರ್, ಅಲ್ಲಿ ಮನೋರೋಗಿಗಳಿಗೆ ಚಿಕಿತ್ಸೆ ಇರುವುದನ್ನೂ ಅವರನ್ನು ಸರಪಳಿಯಲ್ಲಿ ಕಟ್ಟಿರುವುದನ್ನೂ ಒಟ್ಟಿಗೇ ಬರೆದಿದ್ದಾರೆ.

934ರಲ್ಲಿ ನಿಧನರಾದ ಬಲ್ಖ್‌ನ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ 'ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್' ಎಂಬ ಗ್ರಂಥವನ್ನು ಎರಡು ಭಾಗಗಳಲ್ಲಿ ಬರೆದರು. ಒಂದು ದೇಹದ ಕುರಿತು, ಇನ್ನೊಂದು ಮನಸ್ಸಿನ ಕುರಿತು. ಮನುಷ್ಯ ಇವೆರಡರಿಂದಲೂ ಆದವನು. ಒಂದು ಕೆಟ್ಟರೆ ಇನ್ನೊಂದೂ ನರಳುತ್ತದೆ, ಆದ್ದರಿಂದ ಎರಡಕ್ಕೂ ಆರೈಕೆ ಬೇಕು ಎಂಬುದು ಅವರ ವಾದ.

ಈ ತಿಳಿವಳಿಕೆ ಮುಂದೆ ಮಸುಕಾಯಿತು. ಬ್ರಿಟಿಷ್ ಭಾರತದಲ್ಲಿ 1858 ಮತ್ತು 1912ರ ಕಾನೂನುಗಳು ಮನೋರೋಗಿಯನ್ನು 'ಹುಚ್ಚ' ಎಂದೇ ಹೆಸರಿಸಿದವು. ಅವನನ್ನು ಎಲ್ಲಿ ಕೂಡಿಹಾಕಬೇಕೆಂಬುದೇ ಆ ಕಾನೂನುಗಳ ಮುಖ್ಯ ಚಿಂತೆಯಾಗಿತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡು ಬೇರೊಂದು ದಾರಿ ತೋರಿಸಿದರು. ಆದರೆ ಆ ದಾರಿ ಎಲ್ಲ ಊರಿಗೂ ತಲುಪಲಿಲ್ಲ.

2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿ ದರ್ಗಾದ ಪರಿಸರದಲ್ಲಿದ್ದ ಖಾಸಗಿ ಮನೋರೋಗಿಗಳ ಕೇಂದ್ರಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಂಧಿತರಾಗಿದ್ದವರಿಗೆ ಓಡಲಾಗಲಿಲ್ಲ. 28 ಮಂದಿ ಸುಟ್ಟು ಸತ್ತರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಈ ದುರಂತದ ಬಳಿಕ ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಬಿಗಿಯುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ.

ಆದರೆ ಬೆಂಕಿಯಿಲ್ಲದೆಯೂ ಈ ರೋಗಿಗಳು ಬೇಗ ಸಾಯುತ್ತಿದ್ದಾರೆ. ಇಲ್ಲದ ಧ್ವನಿ ಕೇಳಿಸುವ, ಇಲ್ಲದ ಶತ್ರು ಕಾಣಿಸುವ ಸೈಕೋಸಿಸ್‌ನಂಥ ತೀವ್ರ ಮಾನಸಿಕ ಕಾಯಿಲೆಯವರು ಇತರರಿಗಿಂತ 10ರಿಂದ 20 ವರ್ಷ ಕಡಿಮೆ ಬದುಕುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆತ್ಮಹತ್ಯೆ ಒಂದು ಕಾರಣ. ಆದರೆ ಹೆಚ್ಚಿನವರನ್ನು ಒಯ್ಯುವುದು ಹೃದ್ರೋಗ, ಶ್ವಾಸಕೋಶದ ರೋಗಗಳಂಥ ದೇಹದ ಕಾಯಿಲೆಗಳೇ. ಧೂಮಪಾನ, ಬಡತನ, ಚಲನೆಯಿಲ್ಲದ ಜೀವನ ಇದಕ್ಕೆ ಸೇರುತ್ತವೆ. ಕೆಲವು ಮಾತ್ರೆಗಳಿಂದ ತೂಕವೂ ಸಕ್ಕರೆಯೂ ಏರುತ್ತವೆ. ಹಾಗೆಂದು ಮಾತ್ರೆ ನಿಲ್ಲಿಸುವುದು ಅಪಾಯ. ವೈದ್ಯರಿಗೆ ಹೇಳಿ ತಪಾಸಣೆ ಮಾಡಿಸುವುದೇ ಸರಿ. ಇದೆಲ್ಲಕ್ಕಿಂತ ದೊಡ್ಡ ತೊಡಕು ನಮ್ಮದು. ಅವನು ಎದೆ ನೋವು ಎಂದರೆ ನಾವು 'ಅದೂ ಭ್ರಮೆ' ಎನ್ನುತ್ತೇವೆ.

ಇದರ ಹಿಂದೆ ಇನ್ನೂ ಹಳೆಯ ಗಾಯವೊಂದು ಇರಬಹುದು. 1998ರಲ್ಲಿ ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ, ಒಂಬತ್ತು ಸಾವಿರಕ್ಕೂ ಹೆಚ್ಚು ವಯಸ್ಕರ ಬಾಲ್ಯವನ್ನು ವಿಚಾರಿಸಿ ವರದಿ ಪ್ರಕಟಿಸಿದರು. ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹಿಂಸೆ ಇತ್ಯಾದಿಗಳನ್ನು ಹೆಚ್ಚು ಕಂಡವರಲ್ಲಿ ದೊಡ್ಡವರಾದ ಮೇಲೆ ಹೃದ್ರೋಗ, ಕ್ಯಾನ್ಸರ್, ಶ್ವಾಸಕೋಶದ ರೋಗಗಳೂ ಹೆಚ್ಚಿದ್ದವು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2012ರ ವಿಶ್ಲೇಷಣೆಯೊಂದು, ಬಾಲ್ಯದಲ್ಲಿ ಇಂಥ ಯಾತನೆ ಉಂಡವರಲ್ಲಿ ಸೈಕೋಸಿಸ್‌ನ ಸಂಭವ ಸುಮಾರು ಎರಡೂಮುಕ್ಕಾಲು ಪಟ್ಟು ಹೆಚ್ಚು ಎಂದು ಕಂಡುಕೊಂಡಿತು. ಪೆಟ್ಟು ತಿಂದ ಮಕ್ಕಳೆಲ್ಲರಿಗೂ ಈ ಕಾಯಿಲೆ ಬರುವುದಿಲ್ಲ. ಈ ಕಾಯಿಲೆ ಬಂದವರೆಲ್ಲರ ತಂದೆತಾಯಿ ತಪ್ಪಿತಸ್ಥರೂ ಅಲ್ಲ. ವಂಶವಾಹಿಯೂ ಸೇರಿ ಹಲವು ಕಾರಣಗಳಿವೆ. ಆದರೆ ಒಂದೇ ಬಾಲ್ಯದ ಗಾಯ ಮನಸ್ಸನ್ನೂ ದೇಹವನ್ನೂ ಕೆಡಿಸಬಲ್ಲದು ಎಂಬುದನ್ನು ಇನ್ನು ಅಲ್ಲಗಳೆಯಲಾಗದು.

ಮೂವರ ಮೇಲಿಂದ ಲೇಖನಿಯನ್ನು ಎತ್ತಲಾಗಿದೆ, ಅಂದರೆ ಅವರ ಕರ್ಮಗಳನ್ನು ಬರೆದಿಡಲಾಗುವುದಿಲ್ಲ ಎಂದು ಪ್ರವಾದಿ(ಸ) ತಿಳಿಸಿದ್ದಾರೆ. ನಿದ್ರಿಸುವವನು, ಮಗು ಮತ್ತು ಬುದ್ಧಿ ಕಳೆದುಕೊಂಡವನು. ಮಗುವೂ ಮನೋರೋಗಿಯೂ ಅಲ್ಲಿ ಅಕ್ಕಪಕ್ಕದಲ್ಲಿದ್ದಾರೆ. ಅವರ ಮೇಲೆ ಹೊಣೆಯಿಲ್ಲವೆಂದರೆ ಆ ಹೊಣೆ ನಮ್ಮ ಮೇಲಿದೆ.

ದರ್ಗಾದಲ್ಲೋ ಮಸೀದಿಯಲ್ಲೋ ದುಆ ಮಾಡಿಸುವುದನ್ನು ಯಾರೂ ತಡೆಯಬೇಕಾಗಿಲ್ಲ. ಅದರ ಜೊತೆಗೆ ರೋಗಿಯನ್ನು ವೈದ್ಯರ ಬಳಿಗೂ ಕರೆದೊಯ್ಯಬೇಕು. ಅವನ ರಕ್ತದೊತ್ತಡ, ಸಕ್ಕರೆಯನ್ನೂ ಪರೀಕ್ಷಿಸಬೇಕು. ಮನೆ, ಶಾಲೆ, ಮದ್ರಸಾಗಳಲ್ಲಿ ಬೆತ್ತ ಕೆಳಗಿಡಬೇಕು. ಮಗುವೊಂದು ತನಗಾದ ಕೆಟ್ಟದ್ದನ್ನು ಹೇಳಿಕೊಂಡರೆ ಮರ್ಯಾದೆಯ ಹೆಸರಲ್ಲಿ ಅದರ ಬಾಯಿ ಮುಚ್ಚಿಸಬಾರದು. ದಾಳಿಂಬೆ ಎಸೆದವನಿಗೂ ಅನ್ನ, ಔಷಧ ಕೊಟ್ಟ ಪರಂಪರೆ ನಮ್ಮದು ಎಂದು ಹೇಳಿಕೊಳ್ಳುವ ಹಕ್ಕು ಆಗಷ್ಟೇ ನಮಗಿರುತ್ತದೆ.