ಔಷಧವಿಲ್ಲದ ವೈದ್ಯಪದವಿ: ಉಜಿರೆ–ಮೂಡುಬಿದಿರೆಯ ಪ್ರಕೃತಿ ಚಿಕಿತ್ಸಾ ಶಿಕ್ಷಣದ ಸಾಧಕ-ಬಾಧಕಗಳು

ಎಲುಬು, ಕೀಲು, ಸ್ನಾಯುಗಳ ಹೊಂದಾಣಿಕೆಯೇ ಆರೋಗ್ಯದ ಬುನಾದಿಯೆಂದು ಬಗೆದು, ಕೈಯಿಂದ ಒತ್ತಿ, ನೀವಿ, ತಿರುಗಿಸಿ ಬೇನೆಯನ್ನು ಪರಿಹರಿಸಲು ಯತ್ನಿಸುವ ಪದ್ಧತಿಗೆ ಆಸ್ಟಿಯೋಪಥಿ ಎಂದು ಹೆಸರು. ಅಮೆರಿಕದ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್ ಪಟ್ಟಣದಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ 1892ರಲ್ಲಿ ಇದರ ಮೊದಲ ಶಾಲೆಯನ್ನು ತೆರೆದನು. ಈ ಪದ್ಧತಿಗೆಂದೇ ಮೀಸಲಾದ ವೈದ್ಯಪದವಿ ಭಾರತದ ಕಾನೂನಿನಲ್ಲಿ ಇಲ್ಲವಾದರೂ, ಅದರ ಹಸ್ತಕೌಶಲವು ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಪದವಿಯ, ಅಂದರೆ ಬಿ.ಎನ್.ವೈ.ಎಸ್.ನ, ಪಠ್ಯಕ್ರಮದೊಳಗೆ ಅಂಗಮರ್ದನ ಮತ್ತು ಕೀಲು ಚಾಲನೆಗಳ ಜೊತೆಗೆ ಸೇರಿಕೊಂಡಿದೆ. ಈ ಪದವಿಯನ್ನು ದೇಶದಲ್ಲಿ ಮೊದಲಿಗೆ ಕಲಿಸತೊಡಗಿದ್ದು ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು. ಮುಂದೆ ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನವೂ ಇಂಥದೇ ಕಾಲೇಜನ್ನು ಕಟ್ಟಿತು. ಔಷಧವನ್ನು ಆಧಾರವಾಗಿಟ್ಟುಕೊಳ್ಳದ ಈ ಪದವಿಯು ಓದುವವರಿಗೂ ಸುತ್ತಲಿನ ತಾಲ್ಲೂಕುಗಳ ರೋಗಿಗಳಿಗೂ ಏನನ್ನು ಕೊಡುತ್ತದೆ, ಏನನ್ನು ಕೊಡಲಾರದು ಎಂಬುದು ಇಲ್ಲಿನ ವಿಚಾರ.

ಅಮೆರಿಕದ ಅನುಭವವನ್ನು ಮೊದಲು ನೋಡುವುದು ಯುಕ್ತ. ಸ್ಟಿಲ್ ತನ್ನ ಕಾಲದ ಔಷಧಗಳನ್ನು ಬಹುಮಟ್ಟಿಗೆ ತಿರಸ್ಕರಿಸಿದ್ದನು. ಪಾದರಸದ ಲವಣಗಳನ್ನೇ ಮದ್ದೆಂದು ಕುಡಿಸುತ್ತಿದ್ದ ಆ ಯುಗದಲ್ಲಿ ಅವನ ತಿರಸ್ಕಾರಕ್ಕೆ ಕಾರಣವಿಲ್ಲದಿರಲಿಲ್ಲ. ಆದರೆ ಅವನ ಶಿಷ್ಯಪರಂಪರೆಯ ಶಾಲೆಗಳು ಇಪ್ಪತ್ತನೆಯ ಶತಮಾನದಲ್ಲಿ ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆ ತರಬೇತಿಗಳನ್ನು ಒಂದೊಂದಾಗಿ ಒಪ್ಪಿಕೊಂಡವು. 1962ರಲ್ಲಿ ಕ್ಯಾಲಿಫೋರ್ನಿಯದ ಎರಡು ಸಾವಿರದಷ್ಟು ಆಸ್ಟಿಯೋಪಥಿ ವೈದ್ಯರು 65 ಡಾಲರ್ ಶುಲ್ಕ ತೆತ್ತು ಎಂ.ಡಿ. ಪದವಿಗೆ ಬದಲಾದರು, 1973ರ ವೇಳೆಗೆ ಎಲ್ಲ ರಾಜ್ಯಗಳಲ್ಲೂ ಆಸ್ಟಿಯೋಪಥಿ ಪದವೀಧರರಿಗೆ ಪೂರ್ಣ ವೈದ್ಯಾಧಿಕಾರ ಸಿಕ್ಕಿತು, 2020ಕ್ಕೆ ಎರಡೂ ಪದವಿಗಳ ಸ್ನಾತಕೋತ್ತರ ತರಬೇತಿಯ ಮಾನ್ಯತಾ ವ್ಯವಸ್ಥೆ ಒಂದಾಯಿತು. ಈ ಸಮಾನತೆಗೆ ತೆತ್ತ ಬೆಲೆಯೂ ಇದೆ: ಕೈಚಿಕಿತ್ಸೆಯೆಂಬ ವೈಶಿಷ್ಟ್ಯವನ್ನು ಕಲಿತವರಲ್ಲಿ ಹೆಚ್ಚಿನವರು ವೃತ್ತಿಯಲ್ಲಿ ಅದನ್ನು ವಿರಳವಾಗಿ ಬಳಸುತ್ತಾರೆ. ಉಜಿರೆಯ ಮಾದರಿ ಇದಕ್ಕೆ ತದ್ವಿರುದ್ಧವಾದುದು. ಅದು ವೈಶಿಷ್ಟ್ಯವನ್ನು ಉಳಿಸಿಕೊಂಡಿದೆ, ಸಮಾನತೆಯನ್ನು ಪಡೆದಿಲ್ಲ.

ಪದವಿಯ ಅವಧಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಮತ್ತು ಸಮುದಾಯ ಆರೋಗ್ಯಗಳನ್ನು ಓದಿದ ಮೇಲೆ ವಿದ್ಯಾರ್ಥಿಯು ಜಲಚಿಕಿತ್ಸೆ, ಉಪವಾಸ ಮತ್ತು ಆಹಾರ ಚಿಕಿತ್ಸೆ, ಅಕ್ಯುಪಂಕ್ಚರ್, ಫಿಸಿಯೋಥೆರಪಿ, ಯೋಗ ಮುಂತಾದ ವಿಷಯಗಳಿಗೆ ಬರುತ್ತಾನೆ. ಪರೀಕ್ಷೆಗಳನ್ನು ನಡೆಸಿ ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಉಜಿರೆಯಲ್ಲಿ ಸ್ನಾತಕೋತ್ತರ ಎಂ.ಡಿ. ವ್ಯಾಸಂಗವೂ ಉಂಟು. ಆಧುನಿಕ ಶರೀರವಿಜ್ಞಾನದ ಈ ತಳಪಾಯವೇ ಪದವಿಯ ದೊಡ್ಡ ಬಲ. ಊರಿನಲ್ಲಿ ಉಳುಕು ತೆಗೆಯುವ ನಾಟಿ ವೈದ್ಯನ ಕೈಗುಣ ಎಷ್ಟೇ ದೊಡ್ಡದಿದ್ದರೂ, ಬೆನ್ನುನೋವಿನ ಹಿಂದೆ ಕ್ಷಯವೋ ಗಡ್ಡೆಯೋ ಅಡಗಿರಬಹುದೆಂದು ಸಂಶಯಿಸಿ ಎಕ್ಸ್‌ರೇಗೆ ಕಳುಹಿಸುವ ವಿವೇಕಕ್ಕೆ ಈ ಬಗೆಯ ಓದು ಬೇಕೇ ಬೇಕು. ಆದರೆ ಅದೇ ಪಠ್ಯಕ್ರಮದಲ್ಲಿ ಅಯಸ್ಕಾಂತ ಚಿಕಿತ್ಸೆ ಮತ್ತು ವರ್ಣ ಚಿಕಿತ್ಸೆಗಳಿಗೂ ಸ್ಥಾನವಿದೆ. ರೋಗಶಾಸ್ತ್ರಕ್ಕೆ ಇರುವಂಥ ಸಾಕ್ಷ್ಯ ಇವುಗಳಿಗೆ ಇಲ್ಲ. ಎರಡನ್ನೂ ಒಂದೇ ತೂಕದ ವಿದ್ಯೆಯೆಂಬಂತೆ ಕಲಿಸುವುದು ವಿದ್ಯಾರ್ಥಿಯ ವಿಮರ್ಶಾಶಕ್ತಿಗೆ ಮಾಡುವ ಅನ್ಯಾಯ, ಮತ್ತು ಪದವಿಯ ಒಳ್ಳೆಯ ಭಾಗದ ಮೇಲೂ ಅದು ಅನುಮಾನದ ನೆರಳನ್ನು ಹಾಯಿಸುತ್ತದೆ.

ಸಾಕ್ಷ್ಯ ಗಟ್ಟಿಯಾಗಿರುವ ಕಡೆ ಅದನ್ನು ಹೇಳಲು ಹಿಂಜರಿಯಬೇಕಾಗಿಲ್ಲ. ಕೆಳಬೆನ್ನಿನ ನೋವಿಗೆ ಆಸ್ಟಿಯೋಪಥಿ ಕೈಚಿಕಿತ್ಸೆಯನ್ನೂ ಸಾಮಾನ್ಯ ಚಿಕಿತ್ಸೆಯನ್ನೂ ಹೋಲಿಸಿ 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ರೀತಿ ಚೇತರಿಸಿಕೊಂಡರು, ಕೈಚಿಕಿತ್ಸೆ ಪಡೆದವರಿಗೆ ಮಾತ್ರ ಔಷಧ ಕಡಿಮೆ ಸಾಕಾಯಿತು. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರ ಮಾರ್ಗಸೂಚಿಯಲ್ಲಿ ಬೆನ್ನುನೋವಿಗೆ ಮಾತ್ರೆಗಿಂತ ಮುಂಚೆ ವ್ಯಾಯಾಮ, ಯೋಗ, ಅಕ್ಯುಪಂಕ್ಚರ್, ಬೆನ್ನೆಲುಬಿನ ಕೈಚಿಕಿತ್ಸೆಗಳಂಥ ಉಪಾಯಗಳನ್ನು ಯತ್ನಿಸಬೇಕೆಂದು ಸೂಚಿಸಿತು. ಬಂಟ್ವಾಳ ಮತ್ತು ಬೆಳ್ತಂಗಡಿಯ ದುಡಿಮೆಯ ಸ್ವರೂಪವನ್ನು ಬಲ್ಲವರಿಗೆ ಇದರ ಮಹತ್ವ ಬೇಗ ತಿಳಿಯುತ್ತದೆ. ಮಡಿಲಲ್ಲಿ ಮೊರವಿಟ್ಟುಕೊಂಡು ಕುತ್ತಿಗೆ ಬಗ್ಗಿಸಿ ದಿನವಿಡೀ ಬೀಡಿ ಕಟ್ಟುವ ಹೆಂಗಸರು, ನಸುಕಿನಲ್ಲೇ ಗುಡ್ಡ ಹತ್ತಿ ರಬ್ಬರ್ ಟ್ಯಾಪಿಂಗ್ ಮಾಡುವವರು, ಮಳೆಗಾಲದಲ್ಲಿ ಜಾರುವ ಅಡಿಕೆ ಮರವೇರಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರು, ಇವರ ನೋವು ಬಹುಪಾಲು ಎಲುಬು, ಕೀಲು, ಸ್ನಾಯುಗಳದ್ದು. ಇಂಥವರಿಗೆ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿಸುವುದಕ್ಕಿಂತ ಭಂಗಿ ತಿದ್ದುವ, ವ್ಯಾಯಾಮ ಕಲಿಸುವ, ಕೈಯಿಟ್ಟು ಪರೀಕ್ಷಿಸುವ ವೈದ್ಯ ಹತ್ತಿರದಲ್ಲಿ ಸಿಗುವುದು ಹೆಚ್ಚಿನ ಉಪಕಾರ.

ಬಾಧಕಗಳಲ್ಲಿ ಮುಖ್ಯವಾದುದು ಕಾನೂನಿನದು. 2020ರಲ್ಲಿ ಸಂಸತ್ತು ಭಾರತೀಯ ವೈದ್ಯಪದ್ಧತಿಗಳಿಗೆ ಒಂದು, ಹೋಮಿಯೋಪಥಿಗೆ ಒಂದು ರಾಷ್ಟ್ರೀಯ ಆಯೋಗವನ್ನು ರಚಿಸಿದಾಗ ಆಯುರ್ವೇದ, ಯುನಾನಿ, ಸಿದ್ಧ, ಸೋವಾ-ರಿಗ್ಪಗಳು ಮೊದಲನೆಯದರ ಆಡಳಿತಕ್ಕೆ ಬಂದವು. ಪ್ರಕೃತಿ ಚಿಕಿತ್ಸೆ ಮತ್ತು ಯೋಗ ಹೊರಗೇ ಉಳಿದವು. ಕರ್ನಾಟಕದಲ್ಲಿ 1961ರ ನೋಂದಣಿ ಕಾಯಿದೆಯು ಪ್ರಕೃತಿ ಚಿಕಿತ್ಸಕರನ್ನು ಹೆಸರಿಸಿ ಒಳಗೊಳ್ಳುವುದರಿಂದ ಇಲ್ಲಿನ ಪದವೀಧರನಿಗೆ ರಾಜ್ಯದೊಳಗೆ ಕಾನೂನಿನ ನೆಲೆಯಿದೆ, ಆದರೆ ಇಂಥ ಕಾಯಿದೆಯಿಲ್ಲದ ರಾಜ್ಯದಲ್ಲಿ ಅದೇ ಪದವಿಯ ಬೆಲೆ ಅನಿಶ್ಚಿತ. ಮೂಡುಬಿದಿರೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿದೆ: ಅದೇ ಆಳ್ವಾಸ್ ಪ್ರತಿಷ್ಠಾನದ ಆಯುರ್ವೇದ ಕಾಲೇಜಿನ ವಿದ್ಯಾರ್ಥಿ ನೀಟ್ ಬರೆದು ಬಂದು ಕೇಂದ್ರದ ಆಯೋಗದ ಆಡಳಿತದಲ್ಲಿ ಓದುತ್ತಾನೆ, ಪ್ರಕೃತಿ ಚಿಕಿತ್ಸೆಯ ವಿದ್ಯಾರ್ಥಿ ಹೆಚ್ಚುಕಡಿಮೆ ಅಷ್ಟೇ ವರ್ಷ ದುಡಿದರೂ ಅಂಥ ಕೇಂದ್ರ ಮಂಡಳಿಯೊಂದು ಅವನ ಬೆನ್ನಿಗಿಲ್ಲ. ನೀಟ್‌ನಲ್ಲಿ ಅಂಕ ಸಾಲದೆ ಹೋದವರು ಸಿಇಟಿ ರ‍್ಯಾಂಕಿನ ಬಲದಿಂದ ಈ ಕಡೆ ತಿರುಗುವುದು ತಪ್ಪಲ್ಲ. ಆದರೆ ಹೆಸರಿನ ಹಿಂದೆ ‘ಡಾ.’ ಬರುವುದೊಂದನ್ನೇ ನೆಚ್ಚಿ ಬಂದ ಕುಟುಂಬಕ್ಕೆ ಈ ಭೇದವನ್ನು ಪ್ರವೇಶದ ದಿನವೇ ಬಿಡಿಸಿ ಹೇಳುವುದು ಕಾಲೇಜಿನ ಕರ್ತವ್ಯ.

ಚಿಕಿತ್ಸೆಯ ಮಿತಿಯೂ ಕಾನೂನಿನಷ್ಟೇ ಸ್ಪಷ್ಟವಾಗಿರಬೇಕು. ಹೋಮಿಯೋಪಥಿ ಓದಿದವರೊಬ್ಬರು ಅಲೋಪಥಿ ಔಷಧ ಕೊಟ್ಟ ಪ್ರಕರಣದಲ್ಲಿ, ಪೂನಂ ವರ್ಮ ವಿರುದ್ಧ ಅಶ್ವಿನ್ ಪಟೇಲ್ ಎಂಬ ಹೆಸರಿನ 1996ರ ತೀರ್ಪಿನಲ್ಲಿ, ತಾನು ಓದದ ಪದ್ಧತಿಯಲ್ಲಿ ಚಿಕಿತ್ಸೆ ನೀಡುವುದೇ ನಿರ್ಲಕ್ಷ್ಯವೆಂದು ಸುಪ್ರೀಂ ಕೋರ್ಟು ಹೇಳಿತು. ಘಟ್ಟದ ತಪ್ಪಲಿನ ತಾಲ್ಲೂಕಿನಲ್ಲಿ ಈ ಮಾತಿಗೆ ಪ್ರಾಣದ ಬೆಲೆಯಿದೆ. 1982–83ರಲ್ಲಿ ಪಟ್ರಮೆ, ನಿಡ್ಲೆಗಳ ಕಾಡಂಚಿನಲ್ಲಿ ಮಂಗನ ಕಾಯಿಲೆ ಹಬ್ಬಿದ ನೆನಪು ಬೆಳ್ತಂಗಡಿಗೆ ಇದೆ. ಹಾವಿನ ಕಡಿತ, ಇಲಿಜ್ವರ, ಡೆಂಗ್ಯೂಗಳು ಇಂದಿಗೂ ಬರುತ್ತವೆ. ಇಂಥಲ್ಲಿ ಉಪವಾಸಕ್ಕಾಗಲಿ ಮಣ್ಣಿನ ಪಟ್ಟಿಗಾಗಲಿ ಕೆಲಸವಿಲ್ಲ. ಲಕ್ಷಣವನ್ನು ಗುರುತಿಸಿ, ಗಳಿಗೆ ತಡಮಾಡದೆ ಆಸ್ಪತ್ರೆಗೆ ಸಾಗಿಸುವುದೇ ಪ್ರಕೃತಿ ವೈದ್ಯನು ಮಾಡಬಹುದಾದ ಚಿಕಿತ್ಸೆ. ತಜ್ಞ ಚಿಕಿತ್ಸೆಯ ದೊಡ್ಡ ಭಾಗ ಮಂಗಳೂರಿನಲ್ಲೇ ನೆಲೆಸಿರುವಾಗ, ಬಂಟ್ವಾಳದ ರೋಗಿ ಹೆದ್ದಾರಿಯಲ್ಲಿ ಬೇಗ ತಲಪಬಹುದಾದರೂ ಶಿಶಿಲ, ನೆರಿಯದಂಥ ಊರುಗಳಿಂದ ಹೊರಟವನಿಗೆ ದಾರಿಯೇ ಒಂದು ಗಂಡಾಂತರ.

ಈ ಎರಡರ ನಡುವೆ, ಅಂದರೆ ತುರ್ತು ಚಿಕಿತ್ಸೆಯ ಆಸ್ಪತ್ರೆಗೂ ಮನೆಯ ಜಗಲಿಗೂ ನಡುವೆ, ದೀರ್ಘಕಾಲದ ಆರೈಕೆಯ ಕ್ಷೇತ್ರವೊಂದು ಬಹುಮಟ್ಟಿಗೆ ಬರಿದಾಗಿದೆ. ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಪರಿಣಾಮವನ್ನು ಕೊಕ್ಕಡ, ನಿಡ್ಲೆ, ಪಟ್ರಮೆಗಳ ಮನೆಗಳು ಇನ್ನೂ ಅನುಭವಿಸುತ್ತಿವೆ. ಸುಪ್ರೀಂ ಕೋರ್ಟು 2011ರಲ್ಲಿ ಆ ಕೀಟನಾಶಕವನ್ನು ತಡೆದರೂ, ಕೈಕಾಲು ಸೆಟೆದು ಮಲಗಿದ ಮಕ್ಕಳು ಈಗ ಯುವಕರಾಗಿದ್ದಾರೆ, ಎತ್ತಿ ಕೂರಿಸುತ್ತಿದ್ದ ತಾಯಂದಿರಿಗೆ ವಯಸ್ಸಾಗಿದೆ. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರ ಪುನಶ್ಚೇತನಕ್ಕಾಗಿ ಕನ್ಯಾಡಿಯ ಸೇವಾಭಾರತಿಯು ಕೊಕ್ಕಡ ಸಮೀಪದ ಸೌತಡ್ಕದಲ್ಲಿ ಸೇವಾಧಾಮವನ್ನು ನಡೆಸುತ್ತಿದೆ. ಸ್ನಾಯು ಬಿಗಿತವನ್ನು ಸಡಿಲಿಸುವುದು, ಒತ್ತಡದ ಹುಣ್ಣನ್ನು ತಡೆಯುವುದು, ಉಸಿರಾಟದ ಅಭ್ಯಾಸ, ಆಹಾರದ ಕ್ರಮ, ಇವೆಲ್ಲ ಪ್ರಕೃತಿ ಚಿಕಿತ್ಸೆಯ ವಿದ್ಯಾರ್ಥಿ ಕಲಿಯುವ ಅಥವಾ ಸುಲಭವಾಗಿ ಕಲಿಯಬಹುದಾದ ಕೆಲಸಗಳು. ಆದರೆ ಈ ಪದವಿಯ ವೈದ್ಯಕೀಯ ಅಭ್ಯಾಸ ಹೆಚ್ಚಾಗಿ ನಡೆಯುವುದು ಧರ್ಮಸ್ಥಳದ ಶಾಂತಿವನದಂಥ ವಾಸ್ತವ್ಯದ ಆಸ್ಪತ್ರೆಗಳಲ್ಲಿ. ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗಾಗಿ ಕೆಲವು ದಿನ ಬಿಡುವು ಮಾಡಿಕೊಂಡು ತಂಗಬಲ್ಲವರು ಅಲ್ಲಿಗೆ ಬರುತ್ತಾರೆ, ಕೂಲಿ ಬಿಟ್ಟು ಹತ್ತು ದಿನ ತಂಗಲಾರದವರು ಬರುವುದು ಕಷ್ಟ.

ಉಜಿರೆಯಿಂದ ಕೊಕ್ಕಡ ದೂರವಲ್ಲ. ಇಂಟರ್ನ್‌ಶಿಪ್ಪಿನ ಹನ್ನೆರಡು ತಿಂಗಳಲ್ಲಿ ಮೂರನ್ನು ಇಂಥ ಪುನಶ್ಚೇತನ ಕೇಂದ್ರಗಳಿಗೆ, ಹಾಸಿಗೆ ಹಿಡಿದವರ ಮನೆಗಳಿಗೆ ಮತ್ತು ಬೆಳ್ತಂಗಡಿ, ಬಂಟ್ವಾಳದ ತಾಲ್ಲೂಕು ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ಮೀಸಲಿಡಲು ವಿಶ್ವವಿದ್ಯಾಲಯದ ಒಂದು ಆದೇಶ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಯ ಜೊತೆಗಿನ ಒಂದು ಒಪ್ಪಂದ ಸಾಕು. ಅಂಥ ಮೂರು ತಿಂಗಳನ್ನು ಕಳೆದ ಪದವೀಧರನಿಗೆ ಯಾವ ನೋವಿಗೆ ತನ್ನ ಕೈ ಸಾಕು, ಯಾವ ಜ್ವರಕ್ಕೆ ಆಂಬ್ಯುಲೆನ್ಸ್ ಕರೆಯಬೇಕು ಎಂಬುದನ್ನು ರೋಗಿಯ ಮಂಚದ ಬಳಿಯೇ ಕಲಿಯುವ ಅವಕಾಶ ಸಿಗುತ್ತದೆ.