“ಈ ಸಲ ಯಾವ ಮೇಳ?”

ಜೂನ್ ತಿಂಗಳ ಮಳೆ ಹಿಡಿದ ಮೇಲೆ ಉಡುಪಿಯ ರಥಬೀದಿಯ ಹೋಟೆಲುಗಳಲ್ಲಿ, ಕಾರ್ಕಳದ ಅಂಗಡಿ ಜಗಲಿಗಳಲ್ಲಿ, ಕಾಪುವಿನ ಬಸ್ಸು ಕಾಯುವ ಜಾಗದಲ್ಲಿ ಒಂದು ಪ್ರಶ್ನೆ ಹಿಂದೆ ತಪ್ಪದೆ ಕೇಳಿಬರುತ್ತಿತ್ತು: “ಅವರು ಈ ಸಲ ಯಾವ ಮೇಳ?” ಅವರು ಎಂದರೆ ಯಕ್ಷಗಾನದ ಹೆಸರಾಂತ ಭಾಗವತರೊಬ್ಬರು, ಇಲ್ಲವೇ ಜನ ಮೆಚ್ಚಿದ ವೇಷಧಾರಿಯೊಬ್ಬರು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಹೊಸ ಮೇಳದ ಹೆಸರು ಗೊತ್ತಾಗುವ ತನಕ ನಿದ್ದೆ ಬರದಿದ್ದವರು ಅವರಲ್ಲಿ ಒಬ್ಬಿಬ್ಬರಾದರೂ ಸಿಗುತ್ತಾರೆ.

ಫುಟ್‌ಬಾಲ್ ನೋಡುವ ನಿಮಗೆ ಈ ಪ್ರಶ್ನೆ ಹೊಸದಲ್ಲ. ಆಟಗಾರನು ಯಾವ ಕ್ಲಬ್ಬಿಗೆ ಸಹಿ ಹಾಕುತ್ತಾನೆಂದು ಪ್ರಪಂಚದ ಎಷ್ಟೋ ಊರುಗಳಲ್ಲಿ ಜನ ಕಾಯುತ್ತಾರೆ. ನಮ್ಮ ರಾಜ್ಯದವರೇ ಆದ ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದವರು. ಅವರು 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ದೇಶ ವಿಭಜನೆಯಾಗಿ ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದಿದ್ದ ಸಾವಿರಾರು ಜನರಿಗೆ ಆ ಕ್ಲಬ್ಬು ಕಳೆದುಹೋದ ಊರಿನ ಗುರುತಾಗಿತ್ತು. ಅಹ್ಮದ್ ಖಾನ್, ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಈ ಐವರನ್ನು ಜನ ಪಂಚಪಾಂಡವರೆಂದೇ ಕರೆದರು. ಐವರೂ ದಕ್ಷಿಣದವರು, ಬಂಗಾಳಿಗಳಲ್ಲ. ಆದರೂ ಅಹ್ಮದ್ ಖಾನ್ ಹತ್ತು ವರ್ಷ ಅದೇ ಕ್ಲಬ್ಬಿನಲ್ಲಿ ಉಳಿದರು. ಅಂಥ ಜನಸ್ತೋಮವನ್ನು ಬಿಟ್ಟುಬರುವುದು ಸುಲಭವಲ್ಲ ಎಂದು ನನಗನಿಸುತ್ತದೆ.

ನಮ್ಮ ಕರಾವಳಿಯಲ್ಲಿ ಫುಟ್‌ಬಾಲಿಗೆ ಅಂಥ ಕ್ಲಬ್ಬುಗಳು ಬೆಳೆಯಲಿಲ್ಲ. ಆದರೆ ಸಂಬಳಕ್ಕಾಗಿ ಕುಣಿಯುವ ಕಲಾವಿದರು, ಅವರನ್ನು ಕಟ್ಟಿಕೊಳ್ಳುವ ಯಜಮಾನರು, ಇಬ್ಬರ ನಡುವೆ ನಿಂತು ಕೂಗುವ ಅಭಿಮಾನಿಗಳು ಇಲ್ಲಿ ಬಹಳ ಹಿಂದೆಯೇ ಇದ್ದರು.

ಮೇಳದ ವರ್ಷ ದೀಪಾವಳಿಯ ಆಸುಪಾಸಿನಲ್ಲಿ ಶುರುವಾಗಿ ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಗೆ ಮುಗಿಯುತ್ತದೆ. ಇದಕ್ಕೆ ತಿರುಗಾಟವೆಂದು ಹೆಸರು. ಕಲಾವಿದರು ತಮ್ಮ ಅನುಭವವನ್ನು ಹೇಳುವುದೂ “ಇಪ್ಪತ್ತು ತಿರುಗಾಟ, ಮೂವತ್ತು ತಿರುಗಾಟ” ಎಂಬ ಲೆಕ್ಕದಲ್ಲಿಯೇ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಹಳೆಯ ಒಪ್ಪಂದ ಮುಗಿದಂತೆ. ಮುಂದಿನ ಮಾತು ಮಳೆಗಾಲದಲ್ಲಿ. ಈಗ ನಮ್ಮ ಹೋಟೆಲಿನ ಪ್ರಶ್ನೆಯ ಅರ್ಥ ನಿಮಗಾಯಿತು.

ಆದರೆ ಎಲ್ಲ ಮೇಳಗಳಲ್ಲೂ ಅಭಿಮಾನಿಯ ಕೂಗಿಗೆ ಒಂದೇ ಬೆಲೆ ಇರಲಿಲ್ಲ. ಕಟೀಲು, ಮಂದಾರ್ತಿಯಂಥ ದೇವಸ್ಥಾನಗಳ ಮೇಳಗಳನ್ನು ನೋಡಿ. ಅಲ್ಲಿ ಆಟ ಆಡಿಸುವವರು ಹರಕೆ ಹೊತ್ತ ಭಕ್ತರು. ನೋಡುವವರಿಗೆ ಟಿಕೇಟಿಲ್ಲ. ಹರಕೆಯ ಆಟಗಳು ಎಷ್ಟೋ ವರ್ಷ ಮುಂಚಿತವಾಗಿ ಗೊತ್ತಾಗಿರುತ್ತವೆ. ಇಂದು ಹೆಸರು ಬರೆಸಿದವರ ಸರದಿ ಬರುವ ಹೊತ್ತಿಗೆ ಅವರ ಮಕ್ಕಳು ದೊಡ್ಡವರಾಗಿರುವುದೂ ಉಂಟು. ಯಾವ ಕಲಾವಿದ ಬಂದರೂ ಹೋದರೂ ಆಟ ನಿಲ್ಲುವುದಿಲ್ಲ. ಅಲ್ಲಿ ಅಭಿಮಾನಿ ಮೆಚ್ಚಬಹುದು, ಬೇಸರಪಡಬಹುದು. ಯಜಮಾನರ ಲೆಕ್ಕಪುಸ್ತಕವನ್ನು ಅಲುಗಿಸಲಾರ.

ಡೇರೆ ಮೇಳದ ಕಥೆ ಬೇರೆ. 20ನೇ ಶತಮಾನದ ನಡುವಣ ದಶಕಗಳಲ್ಲಿ ಈ ಮೇಳಗಳು ಬಲಗೊಂಡವು. ಬಯಲಿನ ಆಟಕ್ಕೆ ಸುತ್ತ ಬಟ್ಟೆಯ ಗೋಡೆ ಬಂತು, ಬಾಗಿಲು ಬಂತು, ಬಾಗಿಲಲ್ಲಿ ಟಿಕೇಟು ಹರಿಯುವವನು ಬಂದ. ನೆಲಕ್ಕೆ ಒಂದು ದರ, ಕುರ್ಚಿಗೆ ಒಂದು ದರ, ಮುಂದಿನ ಸಾಲಿನ ಒರಗು ಕುರ್ಚಿಗೆ ಇನ್ನೊಂದು. ಸಾಲಿಗ್ರಾಮ, ಪೆರ್ಡೂರು, ಕೋಟದ ಅಮೃತೇಶ್ವರಿ ಮೇಳಗಳು ಬಡಗಿನಲ್ಲಿ, ಸುರತ್ಕಲ್ ಮೇಳ ಮತ್ತು ತುಳು ಪ್ರಸಂಗಗಳಿಗೆ ಹೆಸರಾದ ಕರ್ನಾಟಕ ಮೇಳ ತೆಂಕಿನಲ್ಲಿ ಹೀಗೆ ಊರೂರು ಸುತ್ತಿದವು. ಎರಡು ತಿಟ್ಟುಗಳೂ ಬಂದು ಕೂಡುವ ಉಡುಪಿಯ ಸೀಮೆಯವರಿಗೆ ಎರಡರ ರುಚಿಯೂ ಸಿಕ್ಕಿತು, ಎರಡರ ಜಗಳವೂ ಸಿಕ್ಕಿತು!

ಟಿಕೇಟಿನ ಬಾಗಿಲು ಬಂದ ದಿನದಿಂದ ಅಭಿಮಾನಿಗೆ ಒಂದು ಅಧಿಕಾರ ಬಂತು. ಅದು ಹೇಗೆ ಕೆಲಸ ಮಾಡುತ್ತಿತ್ತೆಂದರೆ, ಊರಿನ ಕೆಲವರು ಸೇರಿ ಒಂದು ರಾತ್ರಿಯ ಆಟವನ್ನು ನಿಶ್ಚಿತ ಮೊತ್ತಕ್ಕೆ ಮೇಳದಿಂದ ವಹಿಸಿಕೊಳ್ಳುತ್ತಿದ್ದರು. ಇದು ಕಂಟ್ರಾಕ್ಟ್ ಆಟ. ಟಿಕೇಟು ಮಾರಿ ಬಂದದ್ದು ಅವರದು. ಲಾಭವೂ ಅವರದೇ, ನಷ್ಟವೂ ಅವರದೇ. ಹಾಗಾಗಿ ಮಾತುಕತೆಗೆ ಕುಳಿತವರು ಮೊದಲು ಕೇಳುವುದು ಕಲಾವಿದರ ಹೆಸರು. ಜನ ಬಯಸುವ ಭಾಗವತರು ಇಲ್ಲದ ಮೇಳವನ್ನು ಕಂಟ್ರಾಕ್ಟ್ ಹಿಡಿಯಲು ಅವರು ಹಿಂಜರಿಯುತ್ತಿದ್ದರು. ಜೀಪಿನ ಮೇಲಿನ ಧ್ವನಿವರ್ಧಕ ಊರಿಡೀ ಕೂಗುತ್ತಿದ್ದುದೂ ಅವೇ ಹೆಸರುಗಳನ್ನು. ಯಜಮಾನರು ಮಳೆಗಾಲದಲ್ಲಿ ಕಲಾವಿದರ ಮನೆ ಬಾಗಿಲಿಗೆ ಹೋಗುವಾಗ ಈ ಲೆಕ್ಕವೆಲ್ಲ ಅವರ ತಲೆಯಲ್ಲಿರುತ್ತಿತ್ತು. ಅಭಿಮಾನಿ ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ, ನಿಜ. ಆದರೆ ಆ ಕಾಗದದಲ್ಲಿ ಬರೆದ ಸಂಬಳವನ್ನು ಅವನೇ ನಿರ್ಧರಿಸಿದ್ದ.

ಅಭಿಮಾನದ ಬಿಸಿ ಕಣ್ಣಿಗೆ ಕಾಣುತ್ತಿದ್ದುದು ಜೋಡಾಟದಲ್ಲಿ. ಅಕ್ಕಪಕ್ಕದಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಒಂದೇ ರಾತ್ರಿ. ಈ ಕಡೆ ಚೆಂಡೆ ಏರಿದರೆ ಜನ ಈ ಕಡೆ ಹರಿಯುತ್ತಾರೆ. ಆ ಕಡೆ ಹುಡುಗನೊಬ್ಬ ಗಿರಕಿ ಹೊಡೆದರೆ ಆ ಕಡೆ. ಬೆಳಗಾಗುವಾಗ ಯಾರು ಗೆದ್ದರೆಂದು ತೀರ್ಪು ಕೊಡುವವರು ಪ್ರೇಕ್ಷಕರೇ. ತೀರ್ಪು ಮಾತಿನಲ್ಲಿ ಮುಗಿಯದೆ ಕೈಗೆ ಬಂದದ್ದೂ ಇದೆ. ಅಂಥ ಒಂದು ರಾತ್ರಿಯಲ್ಲಿ ಮಿಂಚಿದ ಯುವಕನ ಬೆಲೆ ಮುಂದಿನ ಮಳೆಗಾಲದಲ್ಲಿ ಏರಿರುತ್ತಿತ್ತೆಂದು ಬೇರೆ ಹೇಳಬೇಕೇ?

ಹೊನ್ನಾವರ ಸೀಮೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಬದುಕಿನಲ್ಲಿ ಇದೆಲ್ಲವನ್ನೂ ಕಾಣಬಹುದು. 1933ರಲ್ಲಿ ಹುಟ್ಟಿದ ಅವರು ಅಮೃತೇಶ್ವರಿ, ಸಾಲಿಗ್ರಾಮ, ಪೆರ್ಡೂರು ಮುಂತಾದ ಹಲವು ಮೇಳಗಳಲ್ಲಿ ತಿರುಗಾಟ ಮಾಡಿದರು. ಅವರ ಕೀಚಕ, ಭಸ್ಮಾಸುರ ನೋಡಲು ಜನ ಮೈಲುಗಟ್ಟಲೆ ನಡೆದು ಬರುತ್ತಿದ್ದರು. ಮೇಳ ಯಾವುದೆಂಬುದು ಅವರಿಗೆ ಎರಡನೆಯ ಮಾತು. 2012ರಲ್ಲಿ ಪದ್ಮಶ್ರೀ ಬಂತು. ಯಕ್ಷಗಾನಕ್ಕೆ ಬಂದ ಮೊದಲ ಪದ್ಮಶ್ರೀ ಅದು. 2017ರ ಅಕ್ಟೋಬರಿನಲ್ಲಿ ಅವರು ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡರು.

ಗುಂಡ್ಮಿಯ ಕಾಳಿಂಗ ನಾವಡರದು ಇನ್ನೊಂದು ಬಗೆ. 1958ರಲ್ಲಿ ಹುಟ್ಟಿ, ನಾರಣಪ್ಪ ಉಪ್ಪೂರರಲ್ಲಿ ಕಲಿತು, ಸಾಲಿಗ್ರಾಮ ಮೇಳದ ಭಾಗವತರಾಗಿ ಬೆಳೆದರು. ಕುಣಿಯುವವರಿಗೆ ಸಿಗುತ್ತಿದ್ದ ತಾರೆಯ ಪಟ್ಟ ಹಾಡುವವರಿಗೂ ದೊರೆತದ್ದು ಅವರಿಂದ ಎಂದರೆ ಹೆಚ್ಚಾಗಲಾರದು. ಅವರೇ ಬರೆದ ನಾಗಶ್ರೀ ಪ್ರಸಂಗ ಡೇರೆ ತುಂಬಿಸಿತು. ಕ್ಯಾಸೆಟ್ಟುಗಳು ಮನೆಮನೆ ಸೇರಿದವು. 1990ರ ಮೇ ತಿಂಗಳಲ್ಲಿ, ಇನ್ನೂ 31ರ ಪ್ರಾಯದಲ್ಲಿ, ರಸ್ತೆ ಅಪಘಾತದಲ್ಲಿ ಅವರು ಹೋದರು. ಈಗಲೂ ಅವರ ಧ್ವನಿ ಕೇಳಿ ಕಣ್ಣೊರೆಸಿಕೊಳ್ಳುವವರಿದ್ದಾರೆ.

ಕಲಾವಿದರು ಬರೀ ಚಪ್ಪಾಳೆಗೆ, ಬರೀ ಹಣಕ್ಕೆ ಮೇಳ ಬದಲಿಸುತ್ತಿದ್ದರೆಂದು ಮಾತ್ರ ತಿಳಿಯಬೇಡಿ. ತನ್ನನ್ನು ಕುಣಿಸಬಲ್ಲ ಭಾಗವತರು ಯಾರು, ಎದುರು ವೇಷ ಯಾರದು, ಒಳ್ಳೆಯ ಪಾತ್ರ ಸಿಗುತ್ತದೆಯೇ ಎಂಬುದನ್ನೂ ಅವರು ನೋಡುತ್ತಿದ್ದರು. ಅಭಿಮಾನಿಗಳು ಬಯಸಿದ್ದೂ ಬಹುಪಾಲು ಅಂಥ ಜೋಡಿಗಳನ್ನೇ. ಇನ್ನೊಂದು ಕಡೆ, ಸಿನಿಮಾದ ಧಾಟಿಯನ್ನು ಬೇಡಿದವರೂ ಅಭಿಮಾನಿಗಳೇ. ಶಿವರಾಮ ಕಾರಂತರಂಥವರಿಗೆ ಅದು ಸರಿಬರಲಿಲ್ಲ. ಉಡುಪಿಯಲ್ಲಿ 1971ರಲ್ಲಿ ಅವರು ಮುಂದೆ ನಿಂತು ಕಟ್ಟಿದ ಯಕ್ಷಗಾನ ಕೇಂದ್ರ ಟಿಕೇಟಿನ ಬಾಗಿಲಿನ ಹೊರಗೆ ನಿಂತು ಕಲಿಸುವ ಪ್ರಯತ್ನವಾಗಿತ್ತು.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಸಂಗತಿ. ರಾತ್ರಿಯ ಮೊದಲ ಜಾವದಲ್ಲಿ ಬಾಲಗೋಪಾಲರಾಗಿ ಕುಣಿಯುವ ಹುಡುಗರು, ಸಣ್ಣಪುಟ್ಟ ವೇಷದವರು, ಚೌಕಿಯಲ್ಲಿ ಕಿರೀಟ ಕಟ್ಟುವವರು, ಡೇರೆ ಹೊರುವವರು ಇವರ ಬಗ್ಗೆ “ಈ ಸಲ ಯಾವ ಮೇಳ?” ಎಂದು ಯಾರೂ ಕೇಳಲಿಲ್ಲ. ಹೆಸರಿದ್ದವರಿಗೆ ಮಳೆಗಾಲದಲ್ಲಿ ಮುಂಬಯಿಯ ಆಟಗಳು, ತಾಳಮದ್ದಳೆಗಳು. ಉಳಿದವರಿಗೆ ಗದ್ದೆ ಕೆಲಸವೋ, ಹೋಟೆಲ್ ಕೆಲಸವೋ, ಸಾಲವೋ. 1975ರಲ್ಲಿ ಉಡುಪಿಯ ಆಸಕ್ತರು ಕಟ್ಟಿದ ಸಂಸ್ಥೆ, ಇಂದಿನ ಯಕ್ಷಗಾನ ಕಲಾರಂಗ, ಈ ಕೊರತೆಯನ್ನು ಕಂಡಿತು. ವೃತ್ತಿ ಕಲಾವಿದರಿಗೆ ಯಕ್ಷನಿಧಿ ಎಂಬ ಕ್ಷೇಮನಿಧಿ, ಮನೆ ಕಟ್ಟಿಕೊಡುವುದು, ಪತ್ತನಾಜೆ ಕಳೆದ ಕೂಡಲೇ ಕಲಾವಿದರ ಸಮಾವೇಶ ಹೀಗೆ ಅದರ ಕೆಲಸ ನಡೆದಿದೆ. ಶಾಲೆಗಳಲ್ಲಿ ಯಕ್ಷಗಾನ ಕಲಿಸುವ ಕೆಲಸದಲ್ಲೂ ಅದರ ಪಾಲಿದೆ. ನಿಮ್ಮಲ್ಲೇ ಕೆಲವರು ಹಾಗೆ ಗೆಜ್ಜೆ ಕಟ್ಟಿರಬಹುದು. ಇದನ್ನು ನಡೆಸುವವರು ಯಜಮಾನರಲ್ಲ, ಹಳೆಯ ಅಭಿಮಾನಿಗಳು.

ಡೇರೆ ಮೇಳಗಳು ಈಗ ಬೆರಳೆಣಿಕೆಯಷ್ಟು. ಸಾಲಿಗ್ರಾಮ, ಪೆರ್ಡೂರು ಅವುಗಳಲ್ಲಿ ಮುಖ್ಯವಾದವು. ಇಡೀ ರಾತ್ರಿಯ ಬದಲು ಮೂರು ನಾಲ್ಕು ಗಂಟೆಯ ಕಾಲಮಿತಿ ಆಟಗಳು ಹೆಚ್ಚಿವೆ. ಅಭಿಮಾನಿಗಳಿಗೆ ಬೇಕಾದ ಭಾಗವತರನ್ನು ಒಂದು ಮೇಳದಿಂದ, ವೇಷಧಾರಿಯನ್ನು ಇನ್ನೊಂದರಿಂದ ಒಂದು ರಾತ್ರಿಯ ಮಟ್ಟಿಗೆ ಕರೆತಂದು ಸೇರಿಸುವುದು ಸಾಮಾನ್ಯವಾಗಿದೆ. ಊರ ಗೋಡೆಯ ಮೇಲಿನ ಆಟದ ಪೋಸ್ಟರನ್ನು ಹತ್ತಿರ ಹೋಗಿ ಓದಿ. ಮೇಳದ ಹೆಸರಿನ ಕೆಳಗೆ, ಕೆಲವೊಮ್ಮೆ ಅದಕ್ಕಿಂತ ದಪ್ಪ ಅಕ್ಷರದಲ್ಲಿ, “ಅತಿಥಿ ಕಲಾವಿದರು” ಎಂಬ ಸಾಲು ಕಾಣುತ್ತದೆ.