ಕರೆದು ಕೈಬಿಡುವ ಮಳೆ: ಮಲೆನಾಡಿನ ಹತ್ತುಮೀನು ಮತ್ತು ಬದಲಾಗುತ್ತಿರುವ ಮುಂಗಾರು

ಸಾರಾಂಶ

ಮುಂಗಾರಿನ ಮೊದಲ ನೆರೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಏರಿಬರುವ ಮೀನನ್ನು ಮಲೆನಾಡಿನಲ್ಲಿ ‘ಹತ್ತುಮೀನು’ ಎನ್ನುತ್ತಾರೆ. ಹವಾಮಾನ ಬದಲಾವಣೆ ಈ ವಲಸೆಯನ್ನು ಹೇಗೆ ತಟ್ಟುತ್ತದೆ ಎಂಬುದು ಈ ಲೇಖನದ ವಿಷಯ. ಮಳೆ ತಡವಾದರೆ ಮೀನಿಗೆ ಕುತ್ತು ಎಂಬುದು ಸಾಮಾನ್ಯ ಗ್ರಹಿಕೆ. ಆದರೆ ತಡವಾಗುವ ಮಳೆಯನ್ನು ಮೀನು ಹಿಂದಿನಿಂದಲೂ ತಾಳಿಕೊಂಡು ಬಂದಿದೆ. ಒಮ್ಮೆ ಸುರಿದು ಮೀನನ್ನು ಮೇಲಕ್ಕೆ ಕರೆದು, ಆಮೇಲೆ ಕಡಿದುಹೋಗುವ ಮಳೆ ಅದಕ್ಕಿಂತ ಹೆಚ್ಚು ಹಾನಿಕರ ಎಂಬುದು ಇಲ್ಲಿನ ವಾದ. ಮೀನಿನ ಶರೀರಕ್ರಿಯೆ, ಮುಂಗಾರಿನ ದಾಖಲೆ ಮತ್ತು ಹೊಳೆ–ಗದ್ದೆಗಳ ನಡುವಿನ ದಾರಿಯ ಸ್ಥಿತಿ, ಈ ಮೂರನ್ನೂ ಒಟ್ಟಿಗಿಟ್ಟು ಈ ವಾದವನ್ನು ಪರಿಶೀಲಿಸಲಾಗಿದೆ.

1. ಪ್ರಸ್ತಾವನೆ

ವಲಸೆ ಹೋಗುವ ಸಿಹಿನೀರಿನ ಮೀನುಗಳ ಬಗ್ಗೆ 2024ರಲ್ಲಿ ಪ್ರಕಟವಾದ ಜಾಗತಿಕ ಸೂಚ್ಯಂಕ ವರದಿಯು 284 ಪ್ರಭೇದಗಳನ್ನು ಗಣನೆಗೆ ತೆಗೆದುಕೊಂಡಿತ್ತು. 1970ರಿಂದ 2020ರ ನಡುವೆ ಅವುಗಳ ಸಮುದಾಯಗಳು ಸರಾಸರಿ ಶೇ. 81ರಷ್ಟು ಕುಗ್ಗಿವೆ ಎಂದು ಅದು ಹೇಳುತ್ತದೆ. ಈ ವಿಷಯದ ಹೆಚ್ಚಿನ ಅಧ್ಯಯನಗಳು ತಣ್ಣೀರಿನ ನದಿಗಳಿಗೆ ಸೇರಿದವು. ಅಲ್ಲಿನ ಮುಖ್ಯ ಪ್ರಶ್ನೆ ನೀರಿನ ಬಿಸಿಯದು. 2015ರಲ್ಲಿ ಅಮೆರಿಕದ ಕೊಲಂಬಿಯಾ ನದಿಯ ನೀರು ಕಾದು ಎರಡೂವರೆ ಲಕ್ಷಕ್ಕೂ ಹೆಚ್ಚು ಸಾಕ್‌ಐ ಸಾಲ್ಮನ್‌ಗಳು ದಾರಿಯಲ್ಲೇ ಸತ್ತವು. ನಮ್ಮ ಮಳೆಗಾಲದ ನದಿಗಳಿಗೆ ಇದೇ ಪ್ರಶ್ನೆಯನ್ನು ಹಾಗೆಯೇ ಹಚ್ಚಲು ಬರುವುದಿಲ್ಲ. ತುಂಗಾ, ಭದ್ರಾ, ಶರಾವತಿ, ನೇತ್ರಾವತಿಗಳ ಮೀನಿಗೆ ನೀರು ಎಷ್ಟು ಬಿಸಿ ಎನ್ನುವುದಕ್ಕಿಂತ ಮೊದಲು ನೀರು ಯಾವಾಗ ಬಂತು, ಬಂದದ್ದು ಎಷ್ಟು ದಿನ ನಿಂತಿತು ಎಂಬುದು ಮುಖ್ಯವಾಗುತ್ತದೆ.

ಹತ್ತುಮೀನಿನ ರಾತ್ರಿ ಹೇಗಿರುತ್ತದೆಂದು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಎರಡು ದಿನ ಜಡಿದ ಮಳೆಗೆ ಹಳ್ಳದಲ್ಲಿ ಕೆಂಪಗೆ ‘ಹೊಸ ನೀರು’ ಇಳಿದಿರುತ್ತದೆ. ಗದ್ದೆಯ ಕಂಡಿಯಿಂದ ನೀರು ಕೆಳಗಿನ ಹಳ್ಳಕ್ಕೆ ಧುಮುಕುವ ಜಾಗದಲ್ಲಿ, ಟಾರ್ಚಿನ ಬೆಳಕಿಗೆ ಬೆರಳುದ್ದದ ಪಕ್ಕೆ ಮೀನುಗಳು ಬೆಳ್ಳಗೆ ಮಿಂಚುತ್ತವೆ. ಹೊಟ್ಟೆ ಉಬ್ಬಿದ ಮೀನೊಂದು ಜಿಗಿದು ಅಂಚಿಗೆ ಬಡಿದು ಹಿಂದಕ್ಕೆ ಬೀಳುತ್ತದೆ, ಅರೆಗಳಿಗೆ ನಿಂತು ಮತ್ತೆ ಜಿಗಿಯುತ್ತದೆ. ಗಿರ್ಲು, ಬಾಳೆಗಳು ಹರಿವು ಹಿಡಿದೇ ಏರುತ್ತವೆ. ಗಾಳಿಯನ್ನೂ ಉಸಿರಾಡಬಲ್ಲ ಚೇಳು ಮೀನು, ಮುಗುಡು, ಕುಚ್ಚುಗಳು ಅಂಗುಲದಷ್ಟು ನೀರಿದ್ದರೂ ಹುಲ್ಲಿನ ನಡುವೆ ತೆವಳಿ ಗದ್ದೆ ಸೇರುತ್ತವೆ. ಕೇರಳದಲ್ಲಿ ಇದೇ ವಿದ್ಯಮಾನಕ್ಕೆ ‘ಊತ್ತ’ ಎಂಬ ಹೆಸರಿದೆ. ಘಟ್ಟದ ಉದ್ದಕ್ಕೂ ಜನಭಾಷೆ ಇದಕ್ಕೆ ಪ್ರತ್ಯೇಕ ಪದಗಳನ್ನು ಕಟ್ಟಿಕೊಂಡಿರುವುದೇ ಇದರ ನಿಯತತೆಗೆ ಸಾಕ್ಷಿ.

2. ಮೀನು ಓದುವ ಎರಡು ಪಂಚಾಂಗ

ಮೀನು ಮೊಟ್ಟೆಯಿಡುವುದಕ್ಕೆ ಎರಡು ಬಗೆಯ ಸೂಚನೆ ಬೇಕು. ಮೊದಲನೆಯದು ನಿಧಾನದ್ದು. ಬೇಸಿಗೆಯಲ್ಲಿ ಹಗಲು ಉದ್ದವಾಗಿ ನೀರು ಬೆಚ್ಚಗಾಗುತ್ತಿದ್ದಂತೆ ಹೆಣ್ಣುಮೀನಿನ ಹೊಟ್ಟೆಯಲ್ಲಿ ಮೊಟ್ಟೆಗಳು ಬಲಿಯತೊಡಗುತ್ತವೆ. ಒಂದು ಹಂತಕ್ಕೆ ಬಂದು ಅಲ್ಲೇ ನಿಂತು ಕಾಯುತ್ತವೆ. ಎರಡನೆಯದು ತಟ್ಟನೆ ಬರುವಂಥದ್ದು: ಹೊಸ ನೀರಿನ ಹರಿವು, ಅದರ ತಂಪು, ಕದಡು, ಮಣ್ಣಿನ ವಾಸನೆ. ಇವು ಸಿಕ್ಕಾಗ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಹಾರ್ಮೋನು ಸುರಿಸುತ್ತದೆ, ಕಾದು ನಿಂತಿದ್ದ ಮೊಟ್ಟೆ ಕೊನೆಯ ಹಂತ ದಾಟುತ್ತದೆ. ಎರಡನೆಯ ಸೂಚನೆ ಬಾರದೇ ಹೋದರೆ ಬಲಿತ ಮೊಟ್ಟೆಗಳು ಹೊಟ್ಟೆಯಲ್ಲೇ ಕರಗಿ ಮೈಗೆ ಹೀರಿಹೋಗುತ್ತವೆ.

ಈ ಎರಡು ಹಂತಗಳು ಬೇರೆಬೇರೆ ಎಂಬುದನ್ನು ಭಾರತದ ಮೀನುಸಾಕಣೆಯ ಇತಿಹಾಸವೇ ತೋರಿಸಿಕೊಟ್ಟಿದೆ. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಯ ಮೀನುಗಳು ಕೆರೆಯಲ್ಲಿ ಚೆನ್ನಾಗಿ ಬೆಳೆದು ಮೊಟ್ಟೆ ಕಟ್ಟಿದರೂ ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತಿರಲಿಲ್ಲ. ಹೀಗಾಗಿ ಮರಿಗಳಿಗಾಗಿ ನೆರೆ ಬಂದ ನದಿಗಳನ್ನೇ ಜಾಲಾಡಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಅವರು ಪಿಟ್ಯುಟರಿ ಸತ್ವದ ಚುಚ್ಚುಮದ್ದಿನಿಂದ ಗೆಂಡೆ ಮೀನುಗಳಿಂದ ಮೊಟ್ಟೆಯಿಡಿಸಿದರು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಆ ಚುಚ್ಚುಮದ್ದು ಮಾಡಿದ್ದಿಷ್ಟೇ: ಕೆರೆಯಲ್ಲಿ ಬಾರದ ಹೊಸ ನೀರಿನ ಕೆಲಸವನ್ನು ಸೂಜಿಯ ಮೂಲಕ ಮುಗಿಸಿತು.

ರೈತನ ಲೆಕ್ಕವೂ ಇದಕ್ಕಿಂತ ದೂರದ್ದಲ್ಲ. ರೋಹಿಣಿ, ಮೃಗಶಿರಾ, ಆರಿದ್ರಾ ಎಂಬ ಮಳೆನಕ್ಷತ್ರಗಳು ಮೋಡದ ಲೆಕ್ಕವಲ್ಲ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬ ಲೆಕ್ಕ. ಆದ್ದರಿಂದ ಅವು ಪರೋಕ್ಷವಾಗಿ ಹಗಲಿನ ಉದ್ದದ ಪಂಚಾಂಗವೇ. ‘ಮೃಗಶಿರಾ ಹುಟ್ಟಿತು, ಮಳೆ ಹಿಡಿಯಲಿಲ್ಲ’ ಎನ್ನುವಾಗ ರೈತ ಸೂರ್ಯನ ಪಂಚಾಂಗವನ್ನು ಮಳೆ ತರುವ ಸಮುದ್ರದ ಪಂಚಾಂಗದೊಂದಿಗೆ ತಾಳೆ ನೋಡುತ್ತಿರುತ್ತಾನೆ. ಮೀನಿನ ಮೈಯೂ ಅದನ್ನೇ ಮಾಡುತ್ತದೆ. ಹವಾಮಾನ ಬದಲಾವಣೆಗೆ ಹಗಲಿನ ಉದ್ದವನ್ನು ತಿದ್ದುವ ಶಕ್ತಿಯಿಲ್ಲ. ನೀರಿನ ಬಿಸಿಯನ್ನೂ ಮಳೆಯ ನಡೆಯನ್ನೂ ಅದು ತಿದ್ದಬಲ್ಲದು. ತಾಳೆ ತಪ್ಪುವುದು ಇಲ್ಲಿ.

ಬಿಸಿಯ ಪರಿಣಾಮಕ್ಕೆ ಗಂಗಾ ಬಯಲಿನಲ್ಲಿ ದಾಖಲೆಗಳಿವೆ. ಬಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹರಿದ್ವಾರದ ಬಳಿ ಗಂಗೆಯ ಕನಿಷ್ಠ ಉಷ್ಣಾಂಶ ಕೆಲವು ದಶಕಗಳಲ್ಲಿ ಸುಮಾರು 1.5 ಡಿಗ್ರಿ ಏರಿದ್ದನ್ನೂ, ಕೆಳಬಯಲಿನ ಬೆಚ್ಚನೆ ನೀರಿನ ಮೀನುಗಳು ಮೇಲ್ಭಾಗದಲ್ಲಿ ಕಾಣಿಸಿಕೊಂಡದ್ದನ್ನೂ ಗುರುತಿಸಿದ್ದಾರೆ. ಪಶ್ಚಿಮ ಬಂಗಾಳ, ಒಡಿಶಾಗಳ ಮೀನುಮರಿ ಕೇಂದ್ರಗಳಲ್ಲಿ ಗೆಂಡೆಗಳು ಮೊದಲಿಗಿಂತ ಎಷ್ಟೋ ವಾರ ಮುಂಚೆಯೇ ಮೊಟ್ಟೆಗೆ ಸಿದ್ಧವಾಗುತ್ತಿವೆ. ಮರಿ ಕೇಂದ್ರದಲ್ಲಾದರೆ ಇದು ಲಾಭ, ಏಕೆಂದರೆ ಸೂಜಿ ಸಿದ್ಧವಿರುತ್ತದೆ. ಹೊಳೆಯಲ್ಲಿ ಬೇಗ ಬಲಿತ ಮೀನಿಗೆ ಉಳಿಯುವುದು ಕಾಯುವ ಕೆಲಸ. ಕಾಯುವ ಜಾಗವೂ ಸುಖದ್ದಲ್ಲ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಅದು 7.6ಕ್ಕೆ ಇಳಿಯುತ್ತದೆ. ಬೇಸಿಗೆಯ ಕೊನೆಗೆ ಹೊಳೆ ತುಂಡಾಗಿ ಉಳಿದ ಗುಂಡಿಗಳಲ್ಲಿ ಬಸುರಿ ಮೀನು ಕಡಿಮೆ ಉಸಿರಿನಲ್ಲಿ ಹೆಚ್ಚು ದಿನ ನೂಕಬೇಕಾಗುತ್ತದೆ.

3. ಮುಂಗಾರಿನ ಬದಲಾದ ನಡೆ

ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1. ಇದು ಹಿಂದೆಯೂ ವರ್ಷದಿಂದ ವರ್ಷಕ್ಕೆ ಒಂದು ವಾರ ಆಚೀಚೆ ಆಗುತ್ತಲೇ ಇತ್ತು. 2023ರಲ್ಲಿ ಅದು ಜೂನ್ 8ಕ್ಕೆ, ಅಂದರೆ ಮೃಗಶಿರಾ ಹುಟ್ಟುವ ಹೊತ್ತಿಗೆ ಬಂತು. 2025ರಲ್ಲಿ ಮೇ 24ಕ್ಕೇ, ರೋಹಿಣಿ ಕಾಲಿಡುವ ಮುನ್ನವೇ ಬಂದು ಎರಡು ದಿನದಲ್ಲಿ ಮುಂಬಯಿ ಮುಟ್ಟಿತು. ಇಂಥ ಬಿಡಿ ವರ್ಷಗಳನ್ನು ತೋರಿಸಿ ಹವಾಮಾನ ಬದಲಾವಣೆಯನ್ನು ಸಾಬೀತು ಮಾಡಲಾಗದು. ಸಾವಿರಾರು ವರ್ಷಗಳಿಂದ ಈ ಓಲಾಟದ ನಡುವೆಯೇ ಬಾಳಿದ ಮೀನಿನಲ್ಲಿ ಒಂದೆರಡು ವಾರ ಕಾಯುವ ತಾಳ್ಮೆ ಇದ್ದೇ ಇದೆ. ಮೊಟ್ಟೆ ಬಲಿತು ನಿಲ್ಲುವ ಆ ವಿರಾಮದ ಹಂತವೇ ಅದರ ಸಾಧನ.

ದೀರ್ಘ ದಾಖಲೆ ತೋರಿಸುವ ಬದಲಾವಣೆಗಳು ಬೇರೆ. ಭೂವಿಜ್ಞಾನ ಸಚಿವಾಲಯದ ಆಶ್ರಯದಲ್ಲಿ 2020ರಲ್ಲಿ ಹೊರಬಂದ ಮೌಲ್ಯಮಾಪನದ ಪ್ರಕಾರ 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇ. 6ರಷ್ಟು ಇಳಿದಿದೆ, ಇಳಿಕೆ ಎದ್ದುಕಾಣುವ ಪ್ರದೇಶಗಳಲ್ಲಿ ಪಶ್ಚಿಮ ಘಟ್ಟವೂ ಒಂದು. ಮಳೆಯಿಲ್ಲದ ಬಿಡುವುಗಳು ಹೆಚ್ಚಿವೆ, ಬಿದ್ದಾಗ ಬೀಳುವ ರಭಸವೂ ಹೆಚ್ಚಿದೆ. 2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಗಿತ್ತು. ಆ ವರ್ಷ ಕರ್ನಾಟಕ ಸರ್ಕಾರ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತು. ಈ ಬದಲಾವಣೆಗಳಿಗೆ ಅರಬ್ಬಿ ಸಮುದ್ರದ ಚಂಡಮಾರುತಗಳೂ ಸೇರಿವೆ. 1982–2000ರ ಅವಧಿಗೆ ಹೋಲಿಸಿದರೆ 2001–2019ರಲ್ಲಿ ಅವುಗಳ ಸಂಖ್ಯೆ ಶೇ. 52ರಷ್ಟು ಏರಿದೆ.

4. ಹುಸಿ ಕರೆ

ಈ ಬದಲಾವಣೆಗಳನ್ನು ಮೀನಿನ ಕಡೆಯಿಂದ ನೋಡಬೇಕು. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಕರಾವಳಿ–ಮಲೆನಾಡುಗಳಲ್ಲಿ ಭಾರಿ ಮಳೆ ಸುರಿಸಿತು. ಮುಂಗಾರು ಕೇರಳ ತಲುಪಿದ್ದು ಜೂನ್ 3ಕ್ಕೆ. ಎರಡರ ನಡುವೆ ಎರಡೂವರೆ ವಾರ. ಹಳ್ಳಕ್ಕೆ ಹೊಸ ನೀರು ಇಳಿದಾಗ ಅದು ಚಂಡಮಾರುತದ್ದೋ ಮುಂಗಾರಿನದ್ದೋ ಎಂದು ತಿಳಿಯುವ ದಾರಿ ಮೀನಿಗಿಲ್ಲ. ತಂಪು, ಕದಡು, ಹರಿವು ಮೂರೂ ಸಿಕ್ಕಿದರೆ ಬಲಿತ ಮೀನು ಏರುತ್ತದೆ.

ಏರಿದ ಮೇಲೆ ಹಿಂದೆ ಹೋಗುವ ಅವಕಾಶ ಕಡಿಮೆ. ಗೆಂಡೆ ಜಾತಿಯ ಮೊಟ್ಟೆ 27–28 ಡಿಗ್ರಿ ನೀರಿನಲ್ಲಿ 15–20 ಗಂಟೆಗೆ ಒಡೆಯುತ್ತದೆ. ಅಷ್ಟಕ್ಕೆ ಒಂದು ದಿನದ ನೆರೆ ಸಾಕು. ಮರಿ ಈಜುವಷ್ಟು ಬಲಿಯಲು, ಗದ್ದೆಯ ನೀರಿನ ಸೂಕ್ಷ್ಮಜೀವಿಗಳನ್ನು ತಿಂದು ಬೆಳೆದು ಹೊಳೆಗಿಳಿಯಲು ವಾರಗಟ್ಟಲೆ ನಿಂತ ನೀರು ಬೇಕು. ನಡುವೆ ಎಂಟು–ಹತ್ತು ದಿನ ಬಿಸಿಲು ಕಾದರೆ ಗದ್ದೆಯ ತಗ್ಗಿನಲ್ಲಿ ಅಂಗೈಯಗಲದ ನೀರು ಉಳಿದು, ಅದರಲ್ಲಿ ಮರಿಗಳು ಗಿಜಿಗುಟ್ಟಿ, ಕೊಕ್ಕರೆಗೆ ಒಂದು ಬೆಳಗಿನ ಊಟವಾಗುತ್ತವೆ. ತಡವಾದ ಮಳೆಯಲ್ಲಿ ಮೀನು ಕಳೆದುಕೊಳ್ಳುವುದು ಸ್ವಲ್ಪ ಸಮಯ. ಕಡಿದ ಮಳೆಯಲ್ಲಿ ಆ ವರ್ಷದ ಇಡೀ ಪೀಳಿಗೆ. ಹೊಟ್ಟೆ ಖಾಲಿ ಮಾಡಿಕೊಂಡ ದೊಡ್ಡ ಮೀನಿಗೆ ಮುಂದಿನ ನಿಜವಾದ ನೆರೆ ಬಂದರೂ ಕೊಡಲು ಏನೂ ಉಳಿದಿರುವುದಿಲ್ಲ. ಇನ್ನೊಂದು ತುದಿಯಲ್ಲಿ, ಒಂದೇ ದಿನ ಸುರಿಯುವ ವಿಪರೀತ ಮಳೆ ಹುಲ್ಲಿಗಂಟಿದ ಮೊಟ್ಟೆಗಳನ್ನು ಕೊಚ್ಚುತ್ತದೆ. ಗುಡ್ಡದ ಮಣ್ಣು ಇಳಿದು ಉಳಿದವನ್ನು ಮುಚ್ಚುತ್ತದೆ.

5. ದಾರಿಯ ಪ್ರಶ್ನೆ

ಮೀನು ಕಡಿಮೆಯಾಗಲು ಅಣೆಕಟ್ಟು, ವಿಷ, ಸಿಡಿಮದ್ದುಗಳೇ ಸಾಲವೇ, ಹವಾಮಾನವನ್ನೇಕೆ ತರಬೇಕು ಎಂಬ ಆಕ್ಷೇಪವಿದೆ. ಆಕ್ಷೇಪದ ಮೊದಲ ಅರ್ಧ ಸರಿ. 1964ರ ಲಿಂಗನಮಕ್ಕಿ, ಲಕ್ಕವಳ್ಳಿಯ ಭದ್ರಾ, ಗಾಜನೂರಿನ ತುಂಗಾ ಅಣೆಕಟ್ಟುಗಳು ಮೀನಿನ ಉದ್ದದ ದಾರಿಯನ್ನು ಎಂದೋ ಕಡಿದವು. ಆದರೆ ಅಡ್ಡಿ ಮತ್ತು ಹವಾಮಾನ ಬೇರೆಬೇರೆ ಖಾತೆಗಳಲ್ಲ. ಒಂದು ಇನ್ನೊಂದನ್ನು ಹಲವು ಪಟ್ಟು ಮಾಡುತ್ತದೆ. ದೊಡ್ಡ ಜಲಾಶಯ ಮೊದಲು ತನ್ನ ಹೊಟ್ಟೆ ತುಂಬಿಕೊಳ್ಳುವುದರಿಂದ ಕೆಳಗಿನ ಮೀನಿಗೆ ಬೇಕಾದ ಮೊದಲ ಹೊಸ ನೀರನ್ನೇ ಅದು ಹಿಡಿದಿಡುತ್ತದೆ. ಮಳೆ ಸೋತ ವರ್ಷ ಆ ನೀರು ಕೆಳಗೆ ಹೋಗುವುದೇ ಇಲ್ಲ. ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮಳೆಗಾಲದ ಮುಂಚೆ ತೆಗೆಯುವುದು ಪದ್ಧತಿ. ಮೇ ತಿಂಗಳಲ್ಲೇ ಬಂದ ನೆರೆ ಹಲಗೆ ಹಾಕಿರುವಾಗಲೇ ಮೀನನ್ನು ಅದರ ಬುಡಕ್ಕೆ ತಂದು ನಿಲ್ಲಿಸಬಹುದು.

ಸಣ್ಣ ಅಡ್ಡಿಗಳನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಊರ ರಸ್ತೆಯ ಮೋರಿ ಪೈಪಿನ ಬಾಯಡಿ ಮಣ್ಣು ಕೊರೆದು, ಪೈಪು ಹಳ್ಳದ ತಳದಿಂದ ಮೊಳದೆತ್ತರದಲ್ಲಿ ತೂಗುತ್ತಿರುತ್ತದೆ. ನೆರೆ ತುಂಬಿದಾಗ ಆ ಎತ್ತರ ಮುಳುಗಿ ದಾರಿ ತೆರೆಯುತ್ತದೆ. ನೀರು ಇಳಿದೊಡನೆ ಪಕ್ಕೆಗೆ ಅದು ಗೋಡೆ. ಮಳೆ ವಾರಗಟ್ಟಲೆ ಹಿಡಿದಿದ್ದಾಗ ಈ ಬಾಗಿಲು ವಾರಗಟ್ಟಲೆ ತೆರೆದಿರುತ್ತಿತ್ತು. ಕಡಿದು ಕಡಿದು ಬರುವ ಮಳೆಯಲ್ಲಿ ಕೆಲವು ಗಂಟೆ ಮಾತ್ರ ತೆರೆಯುತ್ತದೆ. ದಾಟಿದರೂ ತಲುಪಬೇಕಾದ ಗದ್ದೆ ಇರಬೇಕಲ್ಲ. ಮಲೆನಾಡಿನ ಬಯಲುಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಗದ್ದೆ ನೀರನ್ನು ನಿಲ್ಲಿಸಿಕೊಳ್ಳುತ್ತದೆ. ತೋಟದ ಬಸಿಗಾಲುವೆ ಅದನ್ನು ಆದಷ್ಟು ಬೇಗ ಹೊರಹಾಕುತ್ತದೆ.

ಹತ್ತುಮೀನಿನ ಬೇಟೆಯನ್ನೂ ಈ ಬೆಳಕಿನಲ್ಲೇ ನೋಡಬೇಕು. ಕತ್ತಿ, ಟಾರ್ಚು, ಮೀನು ಹಿಡಿಯುವ ಕೂಣಿಗಳ ಬೇಟೆ ಹೊಸತಲ್ಲ. ಮೀನು ಮೂರು–ನಾಲ್ಕು ನೆರೆಗಳಲ್ಲಿ ಹಂಚಿ ಏರುತ್ತಿದ್ದಾಗ ಒಂದು ರಾತ್ರಿಯ ಬೇಟೆಗೆ ಸಿಗದೆ ಉಳಿದದ್ದೇ ಹೆಚ್ಚಿರುತ್ತಿತ್ತು. ಏರುವ ಅವಕಾಶ ಒಂದೇ ರಾತ್ರಿಗೆ ಇಳಿದರೆ, ಅದೇ ಕತ್ತಿ ಅದೇ ಕೈಯಲ್ಲಿದ್ದೂ ಬೇರೆ ಪರಿಣಾಮ ಬೀರುತ್ತದೆ. ಕೇರಳ 2010ರ ಒಳನಾಡು ಮೀನುಗಾರಿಕೆ ಕಾಯ್ದೆಯ ಅಡಿ ಊತ್ತ ಬೇಟೆಗೆ ಕಡಿವಾಣ ಹಾಕಿದೆ. ಅಲ್ಲಿನ ಅನುಭವದ ಜೊತೆಗೆ ಇನ್ನೊಂದು ಎಚ್ಚರವೂ ಬೇಕು: ಮರಿ ಬಿಟ್ಟು ನಷ್ಟ ತುಂಬುತ್ತೇವೆಂಬ ಧೈರ್ಯ ಸಲ್ಲದು. ಹೊರಗಿನ ಮಹಸೀರ್ ಮರಿಗಳನ್ನು ಬಿಟ್ಟ ಕಾವೇರಿಯಲ್ಲಿ ಅವು ಹೆಚ್ಚಿದವು. ಅಲ್ಲಿಯದೇ ಆದ, 2018ರಲ್ಲಷ್ಟೇ ‘ಟಾರ್ ರೆಮಾದೇವಿ’ ಎಂದು ಗುರುತು ಖಚಿತವಾದ ಡುಬ್ಬದ ಮಹಸೀರ್ ಇಂದು ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ.

6. ಉಪಸಂಹಾರ

ಈ ಚರ್ಚೆಯಿಂದ ಎರಡು ಮಾತು ಹೊರಡುತ್ತವೆ. ಮಳೆಯ ನಡೆಯನ್ನು ಗ್ರಾಮ ಪಂಚಾಯಿತಿ ತಿದ್ದಲಾರದು, ಮೋರಿಯನ್ನು ತಿದ್ದಬಲ್ಲದು. ಪೈಪಿನ ಬಾಯಿಗೆ ಕಲ್ಲು ಜೋಡಿಸಿ ಮೆಟ್ಟಿಲು ಮಾಡುವುದು, ಕಿಂಡಿ ಅಣೆಕಟ್ಟಿನ ಹಲಗೆಯನ್ನು ತಾರೀಖು ನೋಡದೆ ಮುನ್ಸೂಚನೆ ನೋಡಿ ತೆಗೆಯುವುದು, ಹಳ್ಳದಂಚಿನ ಒಂದೆರಡು ಗದ್ದೆಗಳಲ್ಲಾದರೂ ನೀರು ನಿಲ್ಲಿಸುವುದು, ಇವು ಮಳೆ ಕಡಿದಾಗಲೂ ದಾರಿಯನ್ನು ಸ್ವಲ್ಪ ಹೊತ್ತು ಹೆಚ್ಚು ತೆರೆದಿಡುತ್ತವೆ.

ಎರಡನೆಯದು ದಾಖಲೆಯ ಮಾತು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯೂ ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಅದರಲ್ಲಿ ಹತ್ತುಮೀನಿಗೆ ಒಂದು ಪುಟ, ಪುಟದಲ್ಲಿ ನಾಲ್ಕು ಕಾಲಂ ಸಾಕು: ಮೊದಲ ಮೀನು ಏರಿದ ದಿನ, ಯಾವ ಹಳ್ಳ, ಯಾವ ಮೀನು, ಆಮೇಲೆ ಎಷ್ಟು ದಿನಕ್ಕೆ ಗದ್ದೆಯ ನೀರು ಬತ್ತಿತು. ನಾಲ್ಕನೆಯ ಕಾಲಂ ಇಲ್ಲದಿದ್ದರೆ ಮಳೆ ಕರೆದದ್ದು ಮಾತ್ರ ದಾಖಲಾಗುತ್ತದೆ, ಕೈಬಿಟ್ಟದ್ದು ದಾಖಲಾಗುವುದಿಲ್ಲ. ಇದನ್ನು ತುಂಬಲು ಉಪಕರಣ ಬೇಡ. ಯಾವ ವರ್ಷ ಯಾವ ಮಳೆಗೆ ಮೀನು ಹತ್ತಿತು ಎಂದು ಪ್ರತಿ ಊರಿನಲ್ಲೂ ಬಾಯಲ್ಲೇ ಹೇಳಬಲ್ಲವರಿದ್ದಾರೆ. ಆ ರಾತ್ರಿಗಳಲ್ಲಿ ಕತ್ತಿ ಹಿಡಿದು ಗದ್ದೆಯಂಚಿನಲ್ಲಿ ನಿಂತವರು ಅವರೇ. ಕೇಳಿ ಬರೆದುಕೊಳ್ಳುವ ಕೆಲಸ ಅವರಿಂದಲೇ ಶುರುವಾಗಬೇಕು.